ಬಿಸಿ ಇದೆ, ತಂಪು ಎಲ್ಲಿದೆ? ಹಾಸನದ ರಸ್ತೆಯಿಂದ ನೋಡಿದ ಸ್ಟರ್ಲಿಂಗ್ ಎಂಜಿನ್ ಇತಿಹಾಸ

ಭಾಗ 1/10: ಸೈಲೆನ್ಸರಿನಿಂದ ಹೊರಗೆ ಹೋಗೋ ಡೀಸೆಲ್

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತೋ ಬಸ್ಸಲ್ಲಿ ನೀವು ಒಂದ್ಸಲನಾದ್ರೂ ಕೂತಿರ್ತೀರ. ಎರಡನೇ ಗೇರು, ಮೂರನೇ ಗೇರು, ಎಂಜಿನ್ನಿನ ಗೊರ ಗೊರ ಸದ್ದು. ಆ ಹೊತ್ತಲ್ಲಿ ಡೀಸೆಲ್ ಎಲ್ಲಿಗೆ ಹೋಗ್ತಿದೆ ಅಂತ ಪಿಯುಸಿ ಫಿಸಿಕ್ಸಲ್ಲೇ ಲೆಕ್ಕ ಹಾಕಬಹುದು.

ಬಸ್ಸು, ಜನ, ಲಗೇಜು ಎಲ್ಲಾ ಸೇರಿ 15 ಟನ್ ಅಂತ ಇಟ್ಕೊಳ್ಳಿ. ಏರಬೇಕಾದ ಎತ್ತರ 700 ಮೀಟರ್ ಅನ್ನಿ. ತೂಕ, ಗುರುತ್ವ, ಎತ್ತರ ಗುಣಿಸಿದ್ರೆ 103 ಮೆಗಾಜೂಲ್ ಬರುತ್ತೆ. ಕರೆಂಟ್ ಬಿಲ್ಲಿನ ಭಾಷೇಲಿ ಹೇಳೋದಾದ್ರೆ ಸುಮಾರು 29 ಯೂನಿಟ್. ಒಂದು ಲೀಟರ್ ಡೀಸೆಲಲ್ಲಿ ಹೆಚ್ಚುಕಮ್ಮಿ 10 ಯೂನಿಟ್ ಶಕ್ತಿ ಇದೆ. ಹಾಗಾದ್ರೆ 3 ಲೀಟರ್ ಸಾಕಾಗಬೇಕಿತ್ತು. ಟೈರಿನ ತಿಕ್ಕಾಟ, ಗಾಳಿ ಎಲ್ಲಾ ಮರೆತುಬಿಟ್ಟರೂ ಎಂಜಿನ್ ಕುಡಿಯೋದು 8 ಲೀಟರ್. ಯಾಕಂದ್ರೆ ಒಳ್ಳೆ ಡೀಸೆಲ್ ಎಂಜಿನ್ ಕೂಡ ಓಡಾಟದಲ್ಲಿ ಇಂಧನದ ಶಕ್ತಿಯಲ್ಲಿ ಮೂರನೇ ಒಂದು ಭಾಗದ ಆಸುಪಾಸು ಮಾತ್ರ ಚಕ್ರಕ್ಕೆ ಕೊಡುತ್ತೆ.

ಉಳಿದ 5 ಲೀಟರ್ ಏನಾಯ್ತು? ಸ್ಥೂಲವಾಗಿ ಅರ್ಧ ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೋಯ್ತು. ಇನ್ನರ್ಧ ರೇಡಿಯೇಟರ್, ಆಯಿಲ್, ಎಂಜಿನ್ನಿನ ಮೈ ಮೂಲಕ ಗಾಳಿಗೆ ಸೇರ್ತು. ಡೀಸೆಲಿಗೆ ಕೊಟ್ಟ ಪ್ರತಿ ನೂರು ರೂಪಾಯಲ್ಲಿ ಅರವತ್ತಕ್ಕಿಂತ ಹೆಚ್ಚು ಕಾಡಿನ ಗಾಳಿ ಬಿಸಿ ಮಾಡೋಕೆ ಖರ್ಚಾಯ್ತು ಅಂತಾಯ್ತು.

ಈ ಬಿಸೀನ ಹಿಡಿದು ಮತ್ತೆ ಕೆಲಸಕ್ಕೆ ಹಚ್ಚೋ ಆಸೆ ಹೊಸದಲ್ಲ. ಮೆಕ್ಯಾನಿಕಲ್ ಓದೋ ಹುಡುಗ್ರು ಹುಡುಗೀರು ಪ್ರತಿ ವರ್ಷ ಪ್ರಾಜೆಕ್ಟ್ ಹುಡುಕುವಾಗ ಒಂದು ಹೆಸರು ಬಂದೇ ಬರುತ್ತೆ: ಸ್ಟರ್ಲಿಂಗ್ ಎಂಜಿನ್. "ಸೈಲೆನ್ಸರಿಗೆ ಒಂದು ಸ್ಟರ್ಲಿಂಗ್ ಕಟ್ಟಿದ್ರೆ ಆಯ್ತಲ್ವಾ?" ಆಗುತ್ತಾ ಇಲ್ವಾ ಅನ್ನೋದಕ್ಕೆ 200 ವರ್ಷದ ಇತಿಹಾಸ ಇದೆ. ಈ ಸರಣಿ ಪೂರ್ತಿ ಅದರದ್ದೇ.

ಭಾಗ 2/10: ಪಾದ್ರಿಯ ಎಂಜಿನ್, 1816

ಸ್ಕಾಟ್ಲೆಂಡಿನ ರಾಬರ್ಟ್ ಸ್ಟರ್ಲಿಂಗ್ ಚರ್ಚಿನ ಪಾದ್ರಿ. ಹುಟ್ಟಿದ್ದು 1790ರಲ್ಲಿ. 1816ರಲ್ಲಿ, ಪಾದ್ರಿಯಾಗಿ ಕೆಲಸಕ್ಕೆ ಸೇರಿದ ಅದೇ ವರ್ಷ, ಒಂದು ಹೊಸ ಎಂಜಿನ್ನಿಗೆ ಪೇಟೆಂಟ್ ಕೇಳಿದರು. 1818ರಲ್ಲಿ ಅಂಥದ್ದೊಂದು ಎಂಜಿನ್ ಕಲ್ಲುಕ್ವಾರಿಯ ನೀರೆತ್ತೋ ಕೆಲಸಕ್ಕೆ ನಿಂತಿತು.

ಇದು ಹೇಗೆ ಓಡುತ್ತೆ ನೋಡಿ. ನಮ್ಮ ಬೈಕು, ಬಸ್ಸಿನ ಎಂಜಿನ್ನಲ್ಲಿ ಬೆಂಕಿ ಸಿಲಿಂಡರಿನ ಒಳಗೇ ಉರಿಯುತ್ತೆ. ಸ್ಟರ್ಲಿಂಗಲ್ಲಿ ಬೆಂಕಿ ಹೊರಗೆ. ಒಳಗೆ ಇರೋದು ಬರೀ ಗಾಳಿ, ಅದೂ ಮುಚ್ಚಿಟ್ಟ ಗಾಳಿ. ಸಿಲಿಂಡರಿನ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು. ಒಂದು ಸಡಿಲ ಪಿಸ್ಟನ್ ಆ ಗಾಳೀನ ಬಿಸಿ ತುದಿಗೂ ತಂಪು ತುದಿಗೂ ಓಡಾಡಿಸ್ತಾ ಇರುತ್ತೆ. ಬಿಸಿ ಕಡೆ ಹೋದಾಗ ಗಾಳಿ ಹಿಗ್ಗಿ ಇನ್ನೊಂದು ಪಿಸ್ಟನ್ನನ್ನ ತಳ್ಳುತ್ತೆ. ತಂಪು ಕಡೆ ಬಂದಾಗ ಕುಗ್ಗುತ್ತೆ, ಪಿಸ್ಟನ್ ವಾಪಸ್ ಬರುತ್ತೆ. ವಾಲ್ವ್ ಇಲ್ಲ, ಒಳಗೆ ಸ್ಫೋಟ ಇಲ್ಲ, ಹಾಗಾಗಿ ಸದ್ದೂ ಕಮ್ಮಿ.

ಸ್ಟರ್ಲಿಂಗ್ ತಲೆಯಲ್ಲಿ ಹೊಳೆದ ದೊಡ್ಡ ವಿಷಯ ಇನ್ನೊಂದಿದೆ. ಗಾಳಿ ಓಡಾಡೋ ದಾರಿಯಲ್ಲಿ ಶಾಖ ಹಿಡಿದಿಟ್ಟುಕೊಳ್ಳೋ ಒಂದು ಭಾಗ ಇಟ್ಟರು. ಈಗ ಅದನ್ನ ರೀಜನರೇಟರ್ ಅಂತಾರೆ. ಡಿಸೆಂಬರ್ ಬೆಳಗ್ಗೆ ಹಾಸನದ ಚಳಿಯಲ್ಲಿ ಮೂಗಿಗೆ ಮಫ್ಲರ್ ಸುತ್ಕೊಂಡು ಹೋಗ್ತೀರಲ್ಲ, ಅದೇ ಇದು. ಹೊರಗೆ ಬಿಟ್ಟ ಉಸಿರು ಮಫ್ಲರನ್ನ ಬೆಚ್ಚಗೆ ಮಾಡುತ್ತೆ, ಒಳಗೆ ಎಳ್ಕೊಳ್ಳೋ ತಣ್ಣನೆ ಗಾಳಿ ಆ ಬೆಚ್ಚಗನ್ನ ವಾಪಸ್ ತಗೊಂಡು ಒಳಗೆ ಬರುತ್ತೆ. ವ್ಯರ್ಥ ಆಗಬೇಕಿದ್ದ ಶಾಖ ಮತ್ತೆ ಉಪಯೋಗಕ್ಕೆ ಬಂತು. ವ್ಯರ್ಥ ಶಾಖದ ಬಗ್ಗೆ ಯೋಚನೆ ಈ ಎಂಜಿನ್ ಹುಟ್ಟಿದಾಗಲೇ ಅದರ ಹೊಟ್ಟೆಯಲ್ಲಿತ್ತು ಅನ್ನೋದು ನೆನಪಿರಲಿ.

ಭಾಗ 3/10: ಡಂಡೀ ಕಾರ್ಖಾನೆ ಮತ್ತು ಕಾರ್ನೋ ಲೆಕ್ಕ

1843ರಲ್ಲಿ ಡಂಡೀ ಊರಿನ ಒಂದು ಫೌಂಡ್ರಿಯಲ್ಲಿ ರಾಬರ್ಟ್ ಮತ್ತು ತಮ್ಮ ಜೇಮ್ಸ್ ಸ್ಟರ್ಲಿಂಗ್ ಸೇರಿ ಹಳೇ ಹಬೆ ಎಂಜಿನ್ನನ್ನೇ ತಮ್ಮ ಬಿಸಿಗಾಳಿ ಎಂಜಿನ್ನಾಗಿ ಬದಲಾಯಿಸಿದರು. ಕಾರ್ಖಾನೆಯ ಯಂತ್ರಗಳು ಅದರಿಂದ ಓಡಿದವು. ಸುಮಾರು ನಾಲ್ಕು ವರ್ಷ ನಡೀತು. ಆದ್ರೆ ಯಾವಾಗಲೂ ಬೆಂಕಿಗೆ ಒಡ್ಡಿಕೊಂಡಿದ್ದ ಬಿಸಿ ತುದಿಯ ಕಬ್ಬಿಣ ತಡೀಲಿಲ್ಲ. ಮತ್ತೆ ಮತ್ತೆ ಕೆಟ್ಟಿತು. 1847ರ ಹೊತ್ತಿಗೆ ಮಾಲೀಕರು ಮತ್ತೆ ಹಬೆಗೇ ವಾಪಸ್ ಹೋದರು. ಒಳ್ಳೆಯ ಉಕ್ಕು ಅಗ್ಗವಾಗಿ ಸಿಗೋ ಕಾಲ ಇನ್ನೂ ಬಂದಿರಲಿಲ್ಲ.

ಈ ನಡುವೆ 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಅನ್ನೋ ಯುವ ಎಂಜಿನಿಯರ್ ಒಂದು ಚಿಕ್ಕ ಪುಸ್ತಕ ಬರೆದ. ಶಾಖದಿಂದ ಕೆಲಸ ತೆಗೀಬೇಕಾದ್ರೆ ಬಿಸಿ ಒಂದೇ ಸಾಲದು, ಪಕ್ಕದಲ್ಲಿ ತಂಪೂ ಬೇಕು. ಎರಡರ ನಡುವೆ ಅಂತರ ಎಷ್ಟೋ, ಸಿಗೋ ಕೆಲಸದ ಮಿತಿಯೂ ಅದರ ಮೇಲೇ ನಿಂತಿದೆ. ಇದು ಅವನ ವಿಚಾರದ ಸಾರ.

ಇವತ್ತು ನಾವು ಅದನ್ನ ಹೀಗೆ ಲೆಕ್ಕ ಹಾಕ್ತೀವಿ: ತಂಪಿನ ಉಷ್ಣತೆಯನ್ನ ಬಿಸಿಯ ಉಷ್ಣತೆಯಿಂದ ಭಾಗಿಸಿ, 1ರಿಂದ ಕಳೀರಿ. ಉಷ್ಣತೆ ಕೆಲ್ವಿನಲ್ಲಿರಬೇಕು, ಅಂದ್ರೆ ಸೆಲ್ಸಿಯಸ್ಸಿಗೆ 273 ಸೇರಿಸಬೇಕು. 400 ಡಿಗ್ರಿ ಬಿಸಿ ಮತ್ತು 30 ಡಿಗ್ರಿ ನೀರು ಇದ್ರೆ ಮಿತಿ ಶೇ. 55. ಅದೇ ರೇಡಿಯೇಟರಿನ 90 ಡಿಗ್ರಿ ನೀರು ಬಿಸಿ ಕಡೆ, 30 ಡಿಗ್ರಿ ಗಾಳಿ ತಂಪು ಕಡೆ ಅಂದ್ರೆ ಮಿತಿ ಸುಮಾರು ಶೇ. 17. ನಿಜವಾದ ಯಂತ್ರಗಳಿಗೆ ಈ ಮಿತಿಯ ಅರ್ಧ ಸಿಕ್ಕಿದ್ರೂ ಅದು ಒಳ್ಳೆ ಯಂತ್ರವೇ.

ರೇಡಿಯೇಟರಲ್ಲಿ ಬೇಕಾದಷ್ಟು ಬಿಸಿ ಇದ್ರೂ ಅದರಿಂದ ಜಾಸ್ತಿ ಕೆಲಸ ಯಾಕೆ ಬರಲ್ಲ ಅಂತ ಈಗ ಗೊತ್ತಾಯ್ತಲ್ಲ? ಹೊಗೆಯಲ್ಲಿರೋ ಬಿಸಿಗೂ ನೀರಲ್ಲಿರೋ ಬಿಸಿಗೂ ಬೆಲೆ ಒಂದೇ ಅಲ್ಲ. ಈ ಲೆಕ್ಕ ಮುಂದೆ ಬೇಕಾಗುತ್ತೆ, ಸೇವ್ ಮಾಡ್ಕೊಳ್ಳಿ.

ಭಾಗ 4/10: ಸೀಮೆಎಣ್ಣೆ ಫ್ಯಾನ್ ಮತ್ತು ಶಿವನಸಮುದ್ರ

ಬಿಸಿಗಾಳಿ ಎಂಜಿನ್ ಇಂಡಿಯಾಕ್ಕೆ ಬಂದಿತ್ತು ಅಂದ್ರೆ ನಂಬ್ತೀರಾ? 20ನೇ ಶತಮಾನದ ಶುರುವಿನಲ್ಲಿ, ಕರೆಂಟ್ ಇಲ್ಲದ ಬಂಗಲೆಗಳಿಗೆ ಅಂತ ಸೀಮೆಎಣ್ಣೆ ದೀಪದಿಂದ ತಿರುಗೋ ಫ್ಯಾನುಗಳನ್ನ ಮಾರ್ತಿದ್ರು. ಕೆಳಗೆ ಸಣ್ಣ ದೀಪ, ಅದರ ಮೇಲೆ ಪುಟ್ಟ ಸ್ಟರ್ಲಿಂಗ್ ಎಂಜಿನ್, ಅದಕ್ಕೆ ರೆಕ್ಕೆ. ಸೆಕೆ ಕಳೆಯೋಕೆ ಬೆಂಕಿ ಹಚ್ಚೋದು! ತಮಾಷೆ ಅನ್ನಿಸಿದ್ರೂ ಕೆಲಸ ಮಾಡ್ತಿತ್ತು. ಹಗ್ಗ ಎಳೆದು ಪಂಖಾ ಬೀಸೋ ಆಳಿನ ಕೆಲಸವನ್ನ ಒಂದು ದೀಪ ಮಾಡ್ತಿತ್ತು.

ಆ ಫ್ಯಾನುಗಳ ಕಥೆ ಮುಗಿಸಿದ್ದು ಕರೆಂಟು. ನಮ್ಮ ಮೈಸೂರು ಸೀಮೆ ಈ ವಿಷಯದಲ್ಲಿ ಮುಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. ತಂತಿ ಬಂದ ಕಡೆ ದೀಪದ ಫ್ಯಾನಿಗೆ ಜಾಗ ಇರಲಿಲ್ಲ.

ಅದೇ ಕಾಲಕ್ಕೆ ನಮ್ಮ ಊರುಗಳ ಹತ್ತಿರ ಓಡಿದ ದೊಡ್ಡ ಎಂಜಿನ್ ಅಂದ್ರೆ ರೈಲಿನದ್ದು. ಮೈಸೂರಿನಿಂದ ಹೊಳೆನರಸೀಪುರ, ಹಾಸನ ದಾಟಿ ಅರಸೀಕೆರೆಗೆ ಹೋಗೋ ಲೈನಲ್ಲಿ ದಶಕಗಳ ಕಾಲ ಹಬೆ ಗಾಡಿಗಳು ಓಡಿದವು. ಅಜ್ಜ ಅಜ್ಜಿ ಹೇಳೋ "ಉಗಿಬಂಡಿ" ಇದೇ. ಹಬೆ ಗಾಡಿ ಉರಿಸಿದ ಇಂಧನದಲ್ಲಿ ಹತ್ತನೇ ಒಂದು ಭಾಗವೂ ಚಕ್ರಕ್ಕೆ ಮುಟ್ತಿರಲಿಲ್ಲ. ಚಿಮಣಿಯಿಂದ ಬರ್ತಿದ್ದ ಆ ಬಿಳಿ ಮೋಡ, ಛುಕ್ ಛುಕ್ ಸದ್ದು, ಎಲ್ಲವೂ ಹೊರಗೆ ಹೋಗ್ತಿದ್ದ ಶಕ್ತಿಯ ಗುರುತು.

ಅರಕಲಗೂಡಿಗೆ ಇವತ್ತಿಗೂ ರೈಲಿಲ್ಲ. ಚನ್ನರಾಯಪಟ್ಟಣಕ್ಕೆ ಹಾಸನದ ಲೈನು ಬೆಂಗಳೂರಿನ ತನಕ ಪೂರ್ತಿಯಾಗಿದ್ದು 2017ರಲ್ಲಿ. ಈ ಎರಡು ಊರಿನ ಜನರ ಪಾಲಿಗೆ ಓಡಾಟ ಅಂದ್ರೆ ತುಂಬಾ ಕಾಲ ಬಸ್ಸೇ. ಹಾಗಾಗಿ ನಮ್ಮ ಕಥೆ ಈಗ ಬಸ್ಸು ಹತ್ತುತ್ತೆ.

ಭಾಗ 5/10: ಇದ್ದಿಲು ಬಸ್ಸಿನ ಕಾಲ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲ್ ರೇಷನ್ ಆಯ್ತು. ಇಂಡಿಯಾದ ಬಹಳ ಬಸ್ಸುಗಳು ಇದ್ದಿಲು ಗ್ಯಾಸಿಗೆ ತಿರುಗಿದವು. ನಿಮ್ಮ ಮನೇಲಿ ತೊಂಬತ್ತು ದಾಟಿದ ಹಿರಿಯರಿದ್ರೆ ಕೇಳಿ ನೋಡಿ, ಬಸ್ಸಿನ ಹಿಂದೆ ಡ್ರಮ್ಮಿನಂಥ ಒಲೆ, ಹೊರಡೋ ಮುಂಚೆ ಕ್ಲೀನರ್ ಗಿರಗಿರ ತಿರುಗಿಸ್ತಿದ್ದ ಗಾಳಿಯಂತ್ರ, ದಿಣ್ಣೆ ಬಂದ್ರೆ ಇಳಿದು ತಳ್ಳೋ ಪ್ರಯಾಣಿಕರು, ಇಂಥ ನೆನಪುಗಳು ಸಿಗಬಹುದು.

ಒಲೆಯಲ್ಲಿ ಇದ್ದಿಲಿಗೆ ಗಾಳಿ ಕಮ್ಮಿ ಕೊಟ್ಟು ಉರಿಸಿದ್ರೆ ಕಾರ್ಬನ್ ಮೊನಾಕ್ಸೈಡ್ ಇರೋ ಗ್ಯಾಸ್ ಹುಟ್ಟುತ್ತೆ. ಅದನ್ನ ತಣ್ಣಗೆ ಮಾಡಿ, ಧೂಳು ಸೋಸಿ ಎಂಜಿನ್ನಿಗೆ ಬಿಡಬೇಕು. ಬಿಸಿ ಗ್ಯಾಸು ಜಾಗ ಜಾಸ್ತಿ ತಗೊಳ್ಳುತ್ತೆ, ಸಿಲಿಂಡರಿಗೆ ಕಮ್ಮಿ ತುಂಬುತ್ತೆ, ಅದಕ್ಕೇ ತಣ್ಣಗೆ ಮಾಡಬೇಕು. ಹೀಗೆ ಇದ್ದಿಲು ಬಸ್ಸು ತನ್ನ ಶಾಖವನ್ನ ಎರಡೆರಡು ಕಡೆ ಚೆಲ್ತಿತ್ತು: ಒಲೆಯ ಹತ್ತಿರ ಒಂದ್ಸಲ, ಸೈಲೆನ್ಸರಲ್ಲಿ ಇನ್ನೊಂದ್ಸಲ.

ಯುದ್ಧ ಮುಗೀತು. 1948ರ ಸೆಪ್ಟೆಂಬರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಯ್ತು. 1961ರಲ್ಲಿ ಅದು ನಿಗಮವಾಯ್ತು, ಅದೇ ಇವತ್ತಿನ ಕೆಎಸ್ಆರ್‌ಟಿಸಿ. ಡೀಸೆಲ್ ಎಂಜಿನ್ ಗಟ್ಟಿಯಾಗಿ ತಳವೂರಿತು. ಪೆಟ್ರೋಲಿಗಿಂತ ಡೀಸೆಲ್ ಎಂಜಿನ್ನಲ್ಲಿ ಗಾಳಿಯನ್ನ ಹೆಚ್ಚು ಒತ್ತುತ್ತಾರೆ, ಹಾಗಾಗಿ ಅದೇ ಇಂಧನಕ್ಕೆ ಹೆಚ್ಚು ಕೆಲಸ. ಅಂದ್ರೆ ವ್ಯರ್ಥ ಶಾಖ ಕಮ್ಮಿ ಮಾಡೋ ಮೊದಲ ದೊಡ್ಡ ಹೆಜ್ಜೆ ಎಂಜಿನ್ನಿನ ಒಳಗೇ ಆಗಿತ್ತು, ಹೊಗೆ ಕೊಳವೆಗೆ ಏನೂ ಕಟ್ಟಬೇಕಾಗಿರಲಿಲ್ಲ.

ಇದ್ದಿಲು ಗ್ಯಾಸು ಅಲ್ಲಿಗೆ ಸತ್ತುಹೋಗಲಿಲ್ಲ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಸೌದೆ ಗ್ಯಾಸಿನಿಂದ ಕರೆಂಟ್ ಕೊಟ್ಟರು. ಒಂದೇ ಕಡೆ ನಿಂತಿರೋ ಯಂತ್ರಕ್ಕೆ ಆ ಗ್ಯಾಸು ಹೊಂದಿಕೊಂಡಿತು. ಇದೇ ಮಾತು ಸ್ಟರ್ಲಿಂಗಿಗೂ ಬರುತ್ತೆ, ಕಾಯ್ತಿರಿ.

ಭಾಗ 6/10: ರೇಡಿಯೋ ಕಂಪನಿ ಎತ್ತಿಕೊಂಡ ಎಂಜಿನ್

ಸ್ಟರ್ಲಿಂಗ್ ಎಂಜಿನ್ನಿಗೆ ಎರಡನೇ ಜನ್ಮ ಕೊಟ್ಟಿದ್ದು ಒಂದು ರೇಡಿಯೋ ಕಂಪನಿ. ಹಾಲೆಂಡಿನ ಐಂಡ್‌ಹೋವನ್ ಊರಿನ ಫಿಲಿಪ್ಸ್. 1930ರ ದಶಕದ ಕೊನೆಯಲ್ಲಿ ಅವರಿಗೆ ಒಂದು ಸಮಸ್ಯೆ ಇತ್ತು: ಕರೆಂಟ್ ಇಲ್ಲದ ದೇಶಗಳಲ್ಲಿ ರೇಡಿಯೋ ಮಾರೋದು ಹೇಗೆ? ವಾಲ್ವ್ ರೇಡಿಯೋ ಕರೆಂಟ್ ತುಂಬಾ ತಿನ್ನುತ್ತೆ, ಪೆಟ್ರೋಲ್ ಎಂಜಿನ್ ರೇಡಿಯೋಗೆ ಕರಕರ ಸದ್ದು ಸೇರಿಸುತ್ತೆ. ಸದ್ದಿಲ್ಲದ, ಸೀಮೆಎಣ್ಣೆಯಲ್ಲಿ ಓಡೋ ಸ್ಟರ್ಲಿಂಗ್ ಜನರೇಟರ್ ಮಾಡಿದ್ರು, ಸುಮಾರು 200 ವ್ಯಾಟಿನದ್ದು. ಅದು ಮಾರುಕಟ್ಟೆಗೆ ತಯಾರಾಗೋ ಹೊತ್ತಿಗೆ ಟ್ರಾನ್ಸಿಸ್ಟರ್ ಬಂತು. ಟಾರ್ಚಿನ ಸೆಲ್ಲಲ್ಲೇ ರೇಡಿಯೋ ಹಾಡೋಕೆ ಶುರುಮಾಡಿದ ಮೇಲೆ ಜನರೇಟರ್ ಯಾರಿಗೆ ಬೇಕು?

ಫಿಲಿಪ್ಸಿನವರು ಬಿಡಲಿಲ್ಲ. 1970ರ ದಶಕದ ಶುರುವಿನಲ್ಲಿ ಒಂದು ಡ್ಯಾಫ್ ಬಸ್ಸಿಗೇ ಸ್ಟರ್ಲಿಂಗ್ ಕೂರಿಸಿ ಓಡಿಸಿದ್ರು. ಜನರಲ್ ಮೋಟಾರ್ಸ್ 1960ರ ದಶಕದ ಕೊನೆಗೆ ಒಂದು ಒಪೆಲ್ ಕಾರಲ್ಲಿ ಬ್ಯಾಟರಿ ಜೊತೆ ಪುಟ್ಟ ಸ್ಟರ್ಲಿಂಗ್ ಇಟ್ಟು ನೋಡಿತು. ಫೋರ್ಡ್ ಕಂಪನಿ ಟೊರಿನೋ ಕಾರಿಗೆ ಹಾಕಿ ಪರೀಕ್ಷೆ ಮಾಡಿ 1978ರಲ್ಲಿ ಕೈಬಿಟ್ಟಿತು. ಆಮೇಲೆ ಅಮೆರಿಕ ಸರ್ಕಾರದ ದುಡ್ಡಲ್ಲಿ ನಾಸಾ ಮೇಲುಸ್ತುವಾರಿಯಲ್ಲಿ ಹತ್ತು ವರ್ಷದಷ್ಟು ಕೆಲಸ ನಡೀತು. 1980ರ ದಶಕದ ಮಧ್ಯದಲ್ಲಿ "ಮಾಡ್ 2" ಅನ್ನೋ ಎಂಜಿನ್ ಶೆವ್ರೊಲೆ ಸೆಲೆಬ್ರಿಟಿ ಕಾರನ್ನ ಚೆನ್ನಾಗೇ ಓಡಿಸಿತು. ಮೈಲೇಜಲ್ಲಿ ಪೆಟ್ರೋಲ್ ಕಾರನ್ನ ಮೀರಿಸಿತು.

ಹಾಗಾದ್ರೆ ಯಾಕೆ ಇವತ್ತು ಶೋರೂಮಲ್ಲಿಲ್ಲ? ಒತ್ತಡದಲ್ಲಿಟ್ಟ ಹೈಡ್ರೋಜನ್ ಸೀಲಿನಿಂದ ನುಸುಳ್ತಿತ್ತು. ಬಿಸಿ ತುದಿಗೆ ದುಬಾರಿ ಲೋಹ ಬೇಕಿತ್ತು. ಕೀಲಿ ತಿರುಗಿಸಿದ ತಕ್ಷಣ ಹೊರಡೋಕಾಗಲ್ಲ, ತಲೆ ಕಾಯಬೇಕು. ಮುಖ್ಯವಾಗಿ, ಪೆಟ್ರೋಲ್ ಎಂಜಿನ್ ಬಹಳಷ್ಟು ಬಿಸಿಯನ್ನ ಹೊಗೆ ಜೊತೆ ಹೊರಗೆ ಕಳಿಸಿ ಕೈ ತೊಳ್ಕೊಳ್ಳುತ್ತೆ. ಸ್ಟರ್ಲಿಂಗ್ ತನ್ನ ವ್ಯರ್ಥ ಬಿಸಿಯ ಬಹುಪಾಲನ್ನ ತಂಪು ತುದಿಯ ನೀರಿಗೆ ಕೊಡಬೇಕು. ಹಾಗಾಗಿ ಅದಕ್ಕೆ ಬೇಕಾದ ರೇಡಿಯೇಟರ್ ತುಂಬಾ ದೊಡ್ಡದು.

ಗಮನಿಸಿ: ಇಲ್ಲೆಲ್ಲಾ ಸ್ಟರ್ಲಿಂಗೇ ಮುಖ್ಯ ಎಂಜಿನ್. ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಅದನ್ನ ಓಡಿಸಿದ್ರೆ? ಮುಂದಿನ ಭಾಗ ಅದೇ.

ಭಾಗ 7/10: ಸೈಲೆನ್ಸರಿಗೆ ಕಟ್ಟಿ ನೋಡೋಣ

ಪೆನ್ನು ತಗೊಳ್ಳಿ. ಘಾಟಿ ಹತ್ತೋ ಬಸ್ಸು ಚಕ್ರಕ್ಕೆ 60 ಕಿಲೋವ್ಯಾಟ್ ಕೊಡ್ತಿದೆ ಅನ್ನಿ. ಹೊಗೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ, 60 ಕಿಲೋವ್ಯಾಟ್ ಬಿಸಿ ಹೋಗ್ತಿದೆ. ಹೊಗೆ 400 ಡಿಗ್ರಿ ಇದೆ ಅಂತಲೂ ಇಟ್ಕೊಳ್ಳಿ.

ಮೊದಲ ತೊಡಕು ಇಲ್ಲೇ. ಒಲೆಯ ಬೆಂಕಿ ಉರೀತಾನೇ ಇರುತ್ತೆ, ಬಿಸಿ ತೆಗೆದಷ್ಟೂ ಬರುತ್ತೆ. ಹೊಗೆ ಹಾಗಲ್ಲ. ಬಿಸಿ ತೆಗೆದ ಹಾಗೆಲ್ಲಾ ಅದು ತಣ್ಣಗಾಗ್ತಾ ಹೋಗುತ್ತೆ. ಅರ್ಧ ಬಿಸಿ, ಅಂದ್ರೆ 30 ಕಿಲೋವ್ಯಾಟ್ ತೆಗೆದ್ರೆ ಹೊಗೆ 220 ಡಿಗ್ರಿ ಹತ್ತಿರಕ್ಕೆ ಇಳಿದಿರುತ್ತೆ. ಸ್ಟರ್ಲಿಂಗಿನ ಬಿಸಿ ತುದಿ ಅದಕ್ಕಿಂತ ಕೆಳಗಿರಬೇಕು, 200 ಅನ್ನಿ. 400 ಡಿಗ್ರಿ ಅಂತ ಆಸೆ ಪಟ್ಟಿದ್ದು 200ಕ್ಕೆ ಬಂತು.

ಎರಡನೇ ತೊಡಕು ತಂಪು ಕಡೆ. ಬಸ್ಸಲ್ಲಿ ಕೈಗೆ ಸಿಗೋ ನೀರು ರೇಡಿಯೇಟರಿನದ್ದು, 90 ಡಿಗ್ರಿ. ಕಾರ್ನೋ ಮಿತಿ ಶೇ. 23. ಅದರ ಅರ್ಧ ಸಿಕ್ಕಿದ್ರೆ ಶೇ. 11ರಿಂದ 12. 30 ಕಿಲೋವ್ಯಾಟಲ್ಲಿ ಸಿಗೋದು 3.5 ಕಿಲೋವ್ಯಾಟ್. ಎಂಜಿನ್ ಕೊಡೋ 60ರ ಮುಂದೆ ಇದು ಶೇ. 6ರಷ್ಟು.

ಶೇ. 6 ಕಮ್ಮಿ ಏನಲ್ಲ ಅಂತೀರಾ? ಹೌದು, ಇಷ್ಟಕ್ಕೇ ನಿಂತಿದ್ರೆ ಯಾವ ಡಿಪೋ ಮ್ಯಾನೇಜರೂ ಬೇಡ ಅನ್ನಲ್ಲ. ಆದ್ರೆ ಉಳಿದ 26.5 ಕಿಲೋವ್ಯಾಟ್ ಈಗ ರೇಡಿಯೇಟರಿಗೆ ಸೇರ್ತಿದೆ, ಅದೂ ಘಾಟಿ ಹತ್ತುವಾಗ, ಅದು ಮೊದಲೇ ಏದುಸಿರು ಬಿಡ್ತಿರೋ ಹೊತ್ತಲ್ಲಿ. ಎಂಜಿನ್, ಶಾಖ ಹಿಡಿಯೋ ಪೈಪುಗಳು ಸೇರಿ ತೂಕ 100 ಕೆಜಿ ಸುಲಭವಾಗಿ ದಾಟುತ್ತೆ. ಹೊಗೆಯ ದಾರಿ ಇಕ್ಕಟ್ಟಾಗೋದ್ರಿಂದ ಡೀಸೆಲ್ ಎಂಜಿನ್ ಅದನ್ನ ಹೊರದಬ್ಬೋಕೆ ಕಷ್ಟಪಡುತ್ತೆ. ಪೈಪಿನ ಮೇಲೆ ಮಸಿ ಕೂತ್ರೆ ಶಾಖ ದಾಟೋದೂ ಕಮ್ಮಿ.

ಇನ್ನು ಊರೊಳಗಿನ ಬಸ್ಸು. ಸ್ಟಾಪು, ಸಿಗ್ನಲ್, ಹಂಪು. ಹೊಗೆ ಒಂದ್ಸಲ ಬಿಸಿ, ಒಂದ್ಸಲ ಉಗುರುಬೆಚ್ಚಗೆ. ಸ್ಟರ್ಲಿಂಗಿನ ತಲೆ ಕಾಯೋ ಅಷ್ಟರಲ್ಲಿ ಮುಂದಿನ ಸ್ಟಾಪ್ ಬಂದಿರುತ್ತೆ.

ಈಗ ಒಂದೇ ಒಂದು ಅಂಕಿ ಬದಲಾಯಿಸಿ. 90 ಡಿಗ್ರಿ ನೀರಿನ ಜಾಗದಲ್ಲಿ 30 ಡಿಗ್ರಿ ನೀರು ಹಾಕಿ. ಮಿತಿ ಶೇ. 36ಕ್ಕೆ ಏರುತ್ತೆ, ಕೈಗೆ 5.4 ಕಿಲೋವ್ಯಾಟ್ ಸಿಗುತ್ತೆ. ಬಿಸಿ ಅಷ್ಟೇ ಇದೆ, ತಂಪು ಬದಲಾಯ್ತು, ಸಿಕ್ಕಿದ್ದು ಒಂದೂವರೆ ಪಟ್ಟು! ಬಸ್ಸು ಕಳ್ಕೊಂಡಿರೋದು ಏನು ಅಂತ ಇಲ್ಲಿ ಗೊತ್ತಾಗುತ್ತೆ.

ಭಾಗ 8/10: ಟರ್ಬೊ ಗೆದ್ದಿದ್ದು ಹೇಗೆ

ಬಸ್ಸಿನ ಹೊಗೆಯಿಂದ ಕೆಲಸ ತೆಗೆಯೋ ಯಂತ್ರ ಇಲ್ಲವೇ ಇಲ್ಲ ಅಂತಲ್ಲ. ಇದೆ, ನೀವು ಓಡಾಡೋ ಬಸ್ಸಲ್ಲೇ ಇದೆ. ಅದರ ಹೆಸರು ಟರ್ಬೊ.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲಿ ಪೇಟೆಂಟ್ ತಗೊಂಡರು. ಹೊಗೆ ಹೊರಗೆ ನುಗ್ಗೋ ರಭಸಕ್ಕೆ ಒಂದು ಚಕ್ರ ತಿರುಗುತ್ತೆ. ಅದೇ ಕಂಬಿಯ ಇನ್ನೊಂದು ತುದೀಲಿರೋ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತೆ. ಗಾಳಿ ಹೆಚ್ಚಾದ್ರೆ ಅದೇ ಗಾತ್ರದ ಎಂಜಿನ್ ಹೆಚ್ಚು ಡೀಸೆಲನ್ನ ಚೆನ್ನಾಗಿ ಉರಿಸುತ್ತೆ. ಇದಕ್ಕೆ ತಂಪು ನೀರು ಬೇಡ, ಶಾಖ ಗೋಡೆ ದಾಟೋ ತನಕ ಕಾಯೋದು ಬೇಡ. ಕೈಯಲ್ಲಿ ಹಿಡಿಯೋವಷ್ಟು ಗಾತ್ರ. ಬಸ್ಸಲ್ಲಿ ಇಲ್ಲದ್ದನ್ನ ಕೇಳಲಿಲ್ಲ, ಹಾಗಾಗಿ ಉಳ್ಕೊಂಡಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರೂ ಇದ್ದಾರೆ. 1950ರ ದಶಕದಲ್ಲಿ ಏರ್ ಇಂಡಿಯಾ ಹಾರಿಸಿದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳ ಪ್ರತಿ ಎಂಜಿನ್ನಲ್ಲೂ ಹೊಗೆಯಿಂದ ತಿರುಗೋ ಮೂರು ಟರ್ಬೈನ್ ಇದ್ದವು. ಅವು ಆ ಶಕ್ತೀನ ನೇರವಾಗಿ ಎಂಜಿನ್ನಿನ ಶಾಫ್ಟಿಗೇ ವಾಪಸ್ ಕೊಡ್ತಿದ್ದವು. 1991ರಲ್ಲಿ ಸ್ಕ್ಯಾನಿಯಾ ಕಂಪನಿ ಇದೇ ಉಪಾಯವನ್ನ ಲಾರಿಗೆ ತಂದಿತು. 2005ರಲ್ಲಿ ಬಿಎಂಡಬ್ಲ್ಯು ಹೊಗೆಯ ಬಿಸಿಯಲ್ಲಿ ಹಬೆ ಮಾಡಿ ಎಂಜಿನ್ನಿಗೆ ನೆರವಾಗೋ "ಟರ್ಬೊಸ್ಟೀಮರ್" ತೋರಿಸಿತು. ಅದು ಮಾರಾಟಕ್ಕೆ ಬರಲಿಲ್ಲ. ಹಬೆಗೂ ತಂಪು ಬೇಕಲ್ಲ!

2020ರ ಏಪ್ರಿಲಲ್ಲಿ ಬಿಎಸ್ 6 ಬಂದ ಮೇಲೆ ಇನ್ನೊಂದು ಬದಲಾವಣೆ ಆಗಿದೆ. ಹೊಸ ಬಸ್ಸು, ಲಾರಿಗಳಲ್ಲಿ ಡೀಸೆಲ್ ಜೊತೆ ಡಿಇಎಫ್ ತುಂಬಿಸೋದು ನೋಡಿರ್ತೀರ. ಯೂರಿಯಾದ ಆ ದ್ರಾವಣ ಹೊಗೆಯಲ್ಲಿರೋ ನೈಟ್ರೋಜನ್ ಆಕ್ಸೈಡನ್ನ ಶುದ್ಧ ಮಾಡಬೇಕಾದ್ರೆ ಹೊಗೆ ಸುಮಾರು 200 ಡಿಗ್ರಿಗಿಂತ ಮೇಲಿರಬೇಕು. ಮಸಿ ಹಿಡಿಯೋ ಫಿಲ್ಟರನ್ನ ಸುಟ್ಟು ಖಾಲಿ ಮಾಡೋಕೆ ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು. ಅಂದ್ರೆ ನಾವು "ವ್ಯರ್ಥ" ಅಂತ ಕರೆದ ಶಾಖಕ್ಕೆ ಈಗ ಒಂದು ನೌಕರಿ ಸಿಕ್ಕಿದೆ. ಅದಕ್ಕೂ ಮುಂಚೆಯೇ ಸ್ಟರ್ಲಿಂಗ್ ಕಟ್ಟಿ ಬಿಸಿ ಕದ್ದರೆ ಬಸ್ಸು ಹೊಗೆ ಪರೀಕ್ಷೆಯಲ್ಲಿ ಫೇಲ್.

ಭಾಗ 9/10: ಸ್ಟರ್ಲಿಂಗ್ ಗೆದ್ದ ಜಾಗಗಳು

ಸೋತ ಕಥೆ ಸಾಕು. ಸ್ವೀಡನ್ನಿನ ನೌಕಾಪಡೆ 1980ರ ದಶಕದ ಕೊನೆಗೆ ಒಂದು ಜಲಾಂತರ್ಗಾಮಿಗೆ ಸ್ಟರ್ಲಿಂಗ್ ಎಂಜಿನ್ ಹಾಕಿತು. 1990ರ ದಶಕದಲ್ಲಿ ಗಾಟ್‌ಲಂಡ್ ಅನ್ನೋ ಜಲಾಂತರ್ಗಾಮಿಗಳನ್ನ ಮೊದಲಿಂದಲೇ ಸ್ಟರ್ಲಿಂಗ್ ಇಟ್ಟು ಕಟ್ಟಿತು. ಡೀಸೆಲನ್ನ ಜೊತೆಗೊಯ್ದ ಆಮ್ಲಜನಕದಲ್ಲಿ ಉರಿಸಿ, ದಿನಗಟ್ಟಲೆ ನೀರಿನಡಿಯಲ್ಲೇ, ಸದ್ದಿಲ್ಲದೆ ಇರಬಹುದು. ಯೋಚನೆ ಮಾಡಿ: ಒಂದೇ ವೇಗ, ನಿಲ್ಲದ ಬೆಂಕಿ, ಸುತ್ತಲೂ ಬೇಕಾದಷ್ಟು ತಣ್ಣನೆ ಸಮುದ್ರ. ಶಿರಾಡಿ ಬಸ್ಸಿಗೆ ಇಲ್ಲದ್ದೆಲ್ಲಾ ಅಲ್ಲಿದೆ.

ಎಂಜಿನ್ನನ್ನ ಉಲ್ಟಾ ಮಾಡಿ, ಮೋಟರಿನಿಂದ ತಿರುಗಿಸಿದ್ರೆ ಅದೇ ಯಂತ್ರ ತಂಪು ಮಾಡುತ್ತೆ. ಫಿಲಿಪ್ಸ್ ಇದರಿಂದ ಗಾಳೀನೇ ದ್ರವ ಮಾಡೋ ಯಂತ್ರ ಮಾಡಿತು. ಉಪಗ್ರಹಗಳ ಇನ್‌ಫ್ರಾರೆಡ್ ಕಣ್ಣುಗಳನ್ನ ತಣ್ಣಗಿಡೋ ಕೂಲರುಗಳಲ್ಲಿ ಬಹಳಷ್ಟು ಈ ಜಾತಿಯವೇ.

ನಮ್ಮ ಕಡೆಗೆ ಹತ್ತಿರದ ಪ್ರಯತ್ನ ಆಗಿದ್ದು ಮದ್ರಾಸಲ್ಲಿ. 1980ರ ದಶಕದಲ್ಲಿ ಸ್ಟರ್ಲಿಂಗ್ ಡೈನಮಿಕ್ಸ್ ಅನ್ನೋ ಕಂಪನಿ ಭತ್ತದ ಹೊಟ್ಟು ಉರಿಸಿ ಓಡೋ, 5 ಅಶ್ವಶಕ್ತಿಯ ಎಂಜಿನ್ ಮಾಡಿತು. ಹೆಚ್ಚು ಹರಡಲಿಲ್ಲ. ಆದ್ರೆ ಜಾಗ ಆರಿಸಿದ್ದು ಸರಿಯಾಗಿತ್ತು: ಒಂದೇ ಕಡೆ ನಿಂತಿರೋ ಯಂತ್ರ, ಪಕ್ಕದಲ್ಲೇ ಉಚಿತ ಇಂಧನ.

ಶಾಖವನ್ನ ಕೆಲಸವಾಗಿ ಬದಲಾಯಿಸದೆ, ಶಾಖವಾಗೇ ಬಳಸೋದು ಇನ್ನೂ ಸುಲಭ. 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ "ಅಸ್ತ್ರ" ಕೇಂದ್ರ ಮಾಡಿದ ಅಸ್ತ್ರ ಒಲೆ ನೆನಪಿಸಿಕೊಳ್ಳಿ. ಅದಕ್ಕೆ ಮೂರು ಬಾಯಿ. ಬೆಂಕಿ ನೇರವಾಗಿ ತಾಗೋದು ಮೊದಲನೆಯದಕ್ಕೆ, ಹೊಗೆ ಚಿಮಣಿಗೆ ಹೋಗೋ ಮುಂಚೆ ಉಳಿದ ಪಾತ್ರೆಗಳನ್ನೂ ಬಿಸಿ ಮಾಡಿ ಹೋಗುತ್ತೆ. ಚಲಿಸೋ ಭಾಗ ಒಂದೂ ಇಲ್ಲ. ಕರ್ನಾಟಕದ ಸಾವಿರಾರು ಅಡುಗೆಮನೆಗಳಲ್ಲಿ ಇದೇ ವ್ಯರ್ಥ ಶಾಖದ ಮರುಬಳಕೆ ಆಗಿತ್ತು.

ಭಾಗ 10/10: ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿ ಹುಡುಕಬೇಕು

ಈಗ ನಿಮ್ಮ ಪ್ರಾಜೆಕ್ಟಿನ ವಿಷಯಕ್ಕೆ ಬರೋಣ. ಇತಿಹಾಸ ಹೇಳಿದ್ದು ಇಷ್ಟು: ಬಿಸಿ ಒಂದೇ ಸಮನೆ ಇರಬೇಕು, ಪಕ್ಕದಲ್ಲಿ ತಣ್ಣನೆ ನೀರಿರಬೇಕು, ಯಂತ್ರದ ಭಾರ ಯಾರಿಗೂ ಹೊರೆ ಆಗಬಾರದು. ಈ ಮೂರೂ ಇಟ್ಕೊಂಡು ನಮ್ಮ ಜಿಲ್ಲೆ ನೋಡಿದ್ರೆ ಬಸ್ ಸ್ಟ್ಯಾಂಡಿಗಿಂತ ಹೊಲದ ಕಡೆ ಹೋಗಬೇಕು ಅನ್ನಿಸುತ್ತೆ.

ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆಯ ಆಲೆಮನೆ ನೋಡಿ. ಕಬ್ಬಿನ ಹಾಲು ಕಾಯಿಸೋ ಕೊಪ್ಪರಿಗೆ ಕೆಳಗೆ ಗಂಟೆಗಟ್ಟಲೆ ಬೆಂಕಿ. ಇಂಧನ ಅಲ್ಲೇ ಬಿದ್ದಿರೋ ಕಬ್ಬಿನ ಸಿಪ್ಪೆ. ಚಿಮಣಿಯಿಂದ ಹೋಗೋ ಬಿಸಿಯಂತೂ ಯಾರಿಗೂ ಬೇಡವಾದದ್ದು. ಪಕ್ಕದಲ್ಲಿ ಬೋರ್‌ವೆಲ್ ನೀರು. ಗಾಣ ತಿರುಗಿಸೋಕೆ ಮಾತ್ರ ಕರೆಂಟ್ ಇಲ್ಲಾ ಡೀಸೆಲ್ ಬೇಕು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಡೆ ಹೋದ್ರೆ ಹೊಗೆಸೊಪ್ಪಿನ ಬ್ಯಾರನ್‌ಗಳು. ಸೊಪ್ಪು ಹದ ಮಾಡೋಕೆ ಹಗಲು ರಾತ್ರಿ, ದಿನಗಟ್ಟಲೆ ಸೌದೆ ಉರೀತಾ ಇರುತ್ತೆ. ಅಲ್ಲಿ ಒಂದು ಎಚ್ಚರಿಕೆ ಬೇಕು. ಬ್ಯಾರನ್ ಒಳಗಿನ ಬಿಸಿ ಸೊಪ್ಪಿಗೆ ಸೇರಿದ್ದು, ಅದನ್ನ ಮುಟ್ಟಿದ್ರೆ ಸೌದೆ ಜಾಸ್ತಿ ಬೇಕಾಗುತ್ತೆ, ಮರ ಜಾಸ್ತಿ ಬೀಳುತ್ತೆ. ಚಿಮಣಿಯಿಂದ ಹೊರಗೆ ಹೋಗೋದು ಮಾತ್ರ ನಿಜವಾಗಿ ವ್ಯರ್ಥ. ಅದರಿಂದ ಒಂದು ಚಿಕ್ಕ ಫ್ಯಾನು ತಿರುಗಿದ್ರೆ, ನಾಲ್ಕು ದೀಪ ಹತ್ತಿದ್ರೆ, ರಾತ್ರಿ ಬೆಂಕಿ ಕಾಯೋರಿಗೆ ಅದೂ ಅನುಕೂಲವೇ.

ಹೋಗುವಾಗ ಒಂದು ಥರ್ಮೋಮೀಟರ್ ತಗೊಂಡು ಹೋಗಿ, ಬಿಸಿ ಹೊಗೆ ಅಳೆಯೋ ಥರ್ಮೋಕಪಲ್ ಇದ್ರೆ ಇನ್ನೂ ಒಳ್ಳೇದು. ಚಿಮಣಿ ಬುಡದ ಉಷ್ಣತೆ ಬರ್ಕೊಳ್ಳಿ. ಬೋರ್‌ವೆಲ್ ನೀರಿನದ್ದೂ ಬರ್ಕೊಳ್ಳಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ, ಒಂದು ಪೂರ್ತಿ ದಿನ. ಅಂಕಿ ಏರುಪೇರಾಗ್ತಿದ್ರೆ ಆ ಜಾಗ ಬಿಡಿ. ಒಂದೇ ಸಮ ಇದ್ರೆ ಮೂರನೇ ಭಾಗದ ಲೆಕ್ಕ ಹಾಕಿ, ಅದರ ಅರ್ಧ ತಗೊಳ್ಳಿ, ಆಮೇಲೆ ಗೈಡ್ ಹತ್ರ ಹೋಗಿ. ಮಾಡೆಲ್ ಕಟ್ಟೋ ದುಡ್ಡು ಖರ್ಚು ಮಾಡೋ ಮುಂಚೆ ಆಗುತ್ತೋ ಇಲ್ವೋ ಗೊತ್ತಾಗಿರುತ್ತೆ.

ಬಸ್ಸಿನ ಮೇಲೆ ಬೇಜಾರು ಬೇಡ. ಅದು ಮುಂದೆ ಎಲೆಕ್ಟ್ರಿಕ್ ಆಗುತ್ತೆ, ಅಲ್ಲಿ ಹೊಗೆಯೇ ಇರಲ್ಲ. ಆಲೆಮನೆ, ಬ್ಯಾರನ್, ಅಕ್ಕಿ ಗಿರಣಿಯ ಬಾಯ್ಲರು ಇನ್ನೂ ಬಹಳ ವರ್ಷ ಬೆಂಕಿ ಉರಿಸ್ತವೆ. ನಿಮ್ಮೂರಲ್ಲಿ ಇಂಥ ಜಾಗ ಇದ್ರೆ ಅಳೆದು ನೋಡಿ, ಆ ಎರಡು ಅಂಕಿ ಕಳಿಸಿ. ಲೆಕ್ಕ ಎಲ್ಲರೂ ಸೇರಿ ಹಾಕೋಣ.

#ಹಾಸನ #ಹೊಳೆನರಸೀಪುರ #ಅರಕಲಗೂಡು #ಚನ್ನರಾಯಪಟ್ಟಣ #ಸ್ಟರ್ಲಿಂಗ್‌ಎಂಜಿನ್ #ವಿಜ್ಞಾನದ‌ಇತಿಹಾಸ #ಕನ್ನಡದಲ್ಲಿ‌ಎಂಜಿನಿಯರಿಂಗ್